ಏಳು ಡಿಗ್ರಿಯ ಅನುಮಾನ

ಕಡೂರಿನ ದೇವೀರಪ್ಪ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಇನ್‌ಸ್ಪೆಕ್ಟರಾಗಿದ್ದು ನಿವೃತ್ತನಾದವನು. ಕೆಲಸ ಬಿಟ್ಟರೂ ಕಣ್ಣು ಬಿಡಲಿಲ್ಲ. ಮದುವೆಮನೆಯಲ್ಲಿ ಪಕ್ಕದಲ್ಲಿ ಕೂತು ಊಟ ಮಾಡುವವನನ್ನೂ ಆತ ಒಮ್ಮೆ ಮೇಲಿಂದ ಕೆಳಗೆ ಅಳೆದು ನೋಡುತ್ತಿದ್ದ. ಆ ನೋಟಕ್ಕೆ ಸಿಕ್ಕಿದವರು ಏನೂ ತಪ್ಪು ಮಾಡದಿದ್ದರೂ ಒಂದು ಸಲ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. "ಹಾಲಿಗೆ ನೀರು ಹಾಕಿದೀನಾ ಅಂತ ನನ್ನೇ ಚೆಕ್ ಮಾಡೋರು, ಇನ್ನು ಹಾಲಿನೋನನ್ನ ಬಿಡ್ತಾರಾ?" ಎಂದು ಹೆಂಡತಿ ಶಕುಂತಲಮ್ಮ ಬಂದವರೆದುರು ನಗುತ್ತಿದ್ದಳು. ಆತ ನಗುತ್ತಿರಲಿಲ್ಲ.

ನೆಂಟರಿಷ್ಟರಲ್ಲಿ ಈ ಗುಣಕ್ಕೆ ಬೆಲೆ ಬಂದದ್ದು ಒಂದು ಹುಡುಗಿಯ ನಿಶ್ಚಿತಾರ್ಥದ ಹಿಂದಿನ ವಾರ. ಗಂಡು ಎಂಜಿನಿಯರ್ ಎಂದು ಎಲ್ಲರೂ ಒಪ್ಪಿ ಕೂತಿದ್ದಾಗ ದೇವೀರಪ್ಪ ಸುಮ್ಮನೆ ಒಂದು ದಿನ ಹೋಗಿ ಅವನ ಬಾಡಿಗೆ ಮನೆಯ ಹಿತ್ತಲಲ್ಲಿ ಒಣಗಲು ಹಾಕಿದ್ದ ಮಗುವಿನ ಅಂಗಿ ನೋಡಿಕೊಂಡು ಬಂದ. ಅವನಿಗೆ ಆಗಲೇ ಮದುವೆಯಾಗಿತ್ತು. ಅಲ್ಲಿಂದಾಚೆಗೆ ಅಜ್ಜಂಪುರ, ಯಗಟಿ, ಹಿರೇನಲ್ಲೂರು ಎಲ್ಲೇ ಗಂಡು ನೋಡಲಿ, ದೇವೀರಪ್ಪ ಒಂದು ಸಲ ಹೋಗಿ ಬರದೆ ಮಾತು ಮುಂದಕ್ಕೆ ಹೋಗುತ್ತಿರಲಿಲ್ಲ.

ಹೀಗಿರುವಾಗ ಅಜ್ಜಂಪುರದಿಂದ ತಂಗಿ ಕಮಲಾಕ್ಷಮ್ಮನ ಫೋನು ಬಂತು. ಅವಳ ಮಗಳು ನಯನ ಅಲ್ಲೇ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಗಂಡು ಯಗಟಿ ಕಡೆಯವನು, ಹೆಸರು ದುಶ್ಯಂತ್. ತರೀಕೆರೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾನೆ, ಜೊತೆಗೆ ಬೆಂಗಳೂರಿನ ಒಬ್ಬ ಪ್ರೊಫೆಸರ ಕೈಕೆಳಗೆ ಸಂಶೋಧನೆ.

"ಏನು ಸಂಶೋಧನೆ?"

"ಅದೇನೋ ಹರಳು ಬೆಳೆಸ್ತಾನಂತೆ ಕಣಣ್ಣಾ. ಅದ್ರೊಳಗೆ ಕರೆಂಟು ಹರಿದ್ರೆ ಒಂದು ಚೂರೂ ಸವೆಯಲ್ವಂತೆ. ಸೂಪರ್ ಕಂಡಕ್ಟರು ಅಂತ ಹೇಳ್ದ."

ದೇವೀರಪ್ಪನ ಕಿವಿ ನೆಟ್ಟಗಾಯಿತು. ಅಕ್ಕಿಯನ್ನು ಎಳೆಯುವ ತಾಮ್ರದ ಚೊಂಬು ಇದೆ, ಸಿಡಿಲು ಬಡಿದ ಲೋಹ ಇದೆ, ವಿದೇಶದವರು ಕೊಳ್ಳುತ್ತಾರೆ ಎಂದು ಹೇಳಿಕೊಂಡು ತಿರುಗುವ ಇಸ್ತ್ರಿ ಅಂಗಿಯವರನ್ನು ಆತ ಬಸ್ಸುಗಳಲ್ಲಿ ಬೇಕಾದಷ್ಟು ನೋಡಿದ್ದ. ಸವೆಯದ ಕರೆಂಟು ಎಂದರೆ ಅದೇ ಜಾತಿಯ ಮಾತಿನ ಹಾಗೆ ಕೇಳಿಸಿತು.

"ನಾನು ನೋಡ್ಕೊಂಡು ಬರೋ ತನಕ ಯಾರಿಗೂ ಹೂಂ ಅನ್ನಬೇಡ" ಎಂದು ಹೇಳಿ ಫೋನಿಟ್ಟ.

ಮರುದಿನವೇ ತರೀಕೆರೆಗೆ ಹೋದ. ದುಶ್ಯಂತನ ಮನೆಯ ಮಾಲೀಕಳು ಭಾಗಮ್ಮ ಎಂಬ ಮುದುಕಿ. ಬಾಡಿಗೆಗೆ ರೂಮು ಇದೆಯೇ ಎಂದು ಕೇಳುವ ನೆಪದಲ್ಲಿ ಹೋಗಿ ಜಗಲಿಯ ಮೇಲೆ ಕೂತ. ನೀರು ಕೊಟ್ಟು ಮಾತಿಗಿಳಿದ ಭಾಗಮ್ಮ ಮೇಲಿನ ರೂಮಿನವನ ಕತೆ ತಾನಾಗಿಯೇ ತೆಗೆದಳು.

"ಹುಡುಗ ಒಳ್ಳೇನೇ ಕಣಣ್ಣಾ. ಕುಡಿಯಲ್ಲ, ಬೀಡಿ ಸೇದಲ್ಲ. ಆದ್ರೆ ಒಂದೊಂದು ಸಲ ಮೈಯೆಲ್ಲ ಕೊಳೆತ ಮೂಲಂಗಿ ವಾಸನೆ ಹೊಡ್ಕೊಂಡು ಬತ್ತಾನೆ. ಏನಪ್ಪಾ ಇದು ಅಂದ್ರೆ, ಕೆಲಸದ್ದು ಅಜ್ಜಿ ಅಂತಾನೆ. ಮೇಷ್ಟ್ರ ಕೆಲಸಕ್ಕೆ ಅದೆಂಥಾ ವಾಸನೆ?"

"ಇನ್ನೇನು ನೋಡಿದ್ರಿ?"

"ಒಂದು ಸಣ್ಣ ಸ್ಟೀಲ್ ಡಬ್ಬಿ ಇಟ್ಕೊಂಡಿದಾನೆ. ಕಸ ಗುಡಿಸೋಕೆ ಹೋದ್ರೂ ಅದನ್ನ ಮುಟ್ಟಗೊಡಲ್ಲ. ಒಂದು ದಿನ ಮುಚ್ಚಳ ತೆಗೆದಿತ್ತು, ಇಣುಕಿದೆ. ಒಳಗೆ ಪಳಪಳ ಅಂತ ಅಭ್ರಕದ ಚೂರಿನ ಹಂಗೆ ಇತ್ತು. ಶನಿವಾರ ಬೆಳಿಗ್ಗೆ ಅದನ್ನ ತಗೊಂಡು ಬೆಂಗಳೂರಿಗೆ ರೈಲು ಹತ್ತುತಾನೆ."

ದೇವೀರಪ್ಪನಿಗೆ ಇಷ್ಟು ಸಾಕಾಗಿತ್ತು. ಆದರೂ ಬಸ್‌ಸ್ಟ್ಯಾಂಡಿನ ಹಿಂದೆ ಗ್ಯಾಸ್ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಮುಬಶೀರನನ್ನೂ ವಿಚಾರಿಸಿದ, ಏಕೆಂದರೆ ದುಶ್ಯಂತ ಅಲ್ಲಿಗೂ ಹೋಗುತ್ತಾನೆಂದು ಭಾಗಮ್ಮ ಹೇಳಿದ್ದಳು.

"ಹೌದು ಸರ್, ನಾನೇ ಕಾಲೇಜಿಗೆ ಸಿಲಿಂಡರು ತಗೊಂಡು ಹೋಗಿ ಗಾಜಿನ ಕೊಳವೆ ಬಾಯಿ ಮುಚ್ಚಿ ಕೊಡ್ತೀನಿ" ಎಂದ ಮುಬಶೀರ, ಕನ್ನಡಕ ಹಣೆಗೇರಿಸಿ. "ಒಳಗಿರೋ ಗಾಳಿಯೆಲ್ಲ ಪಂಪಲ್ಲಿ ಎಳೆದು, ಆಮೇಲೆ ಸೀಲು. ಒಳಗೆ ಏನೋ ಕರೀ ಪುಡಿ, ಒಂದಿಷ್ಟು ತಾಮ್ರದ ಪುಡಿ ಇರುತ್ತೆ. ಒಲೆಯೊಳಗೆ ದಿನಗಟ್ಟಲೆ ಇಡ್ತಾರೆ. ಏನು ಅಂತ ಕೇಳಿದ್ದೆ, ಹೇಳಿದ್ರು ಪಾಪ. ನಂಗೆ ತಲೆಗೆ ಹೋಗಲಿಲ್ಲ. ನೀವ್ಯಾರು ಸರ್, ಪೊಲೀಸಿನೋರಾ?"

"ಅಲ್ಲಪ್ಪ" ಎಂದು ಎದ್ದು ಬಂದ.

ತಾಮ್ರ, ಕರೀ ಪುಡಿ, ಗಾಳಿ ಆಡದ ಕೊಳವೆ, ಕೆಟ್ಟ ವಾಸನೆ, ಪಳಪಳಿಸುವ ಚೂರು, ಡಬ್ಬಿಯ ಸಾಗಾಟ. ಕಡೂರಿಗೆ ವಾಪಸು ಬರುವ ಬಸ್ಸಿನಲ್ಲಿ ದೇವೀರಪ್ಪ ಅವನ್ನೆಲ್ಲ ಪೋಣಿಸಿ ನೋಡಿದ. ಪೋಣಿಸಿದಷ್ಟೂ ಸಂಶಯ ಗಟ್ಟಿಯಾಯಿತು.

ಮುಂದಿನ ಶನಿವಾರ ಬೆಂಗಳೂರಿನ ರೈಲು ಕಡೂರಿಗೆ ಬಂದಾಗ ಆತ ಬೋಗಿಯಿಂದ ಬೋಗಿಗೆ ನಡೆದ. ಫೋಟೋದಲ್ಲಿ ನೋಡಿದ್ದ ಮುಖ ಕಿಟಕಿಯ ಪಕ್ಕ ಸಿಕ್ಕಿತು: ತೆಳ್ಳಗಿನ ಹುಡುಗ, ತೋಳು ಮಡಿಸಿದ ಅಂಗಿ, ತೊಡೆಯ ಮೇಲೆ ಚೀಲ. ಚೀಲದ ಮೇಲೆ ಎರಡೂ ಕೈ. ದೇವೀರಪ್ಪ ಎದುರಿನ ಸೀಟಿನಲ್ಲಿ ಕೂತು ಪೇಪರು ಬಿಚ್ಚಿದ. ಅರಸೀಕೆರೆ ದಾಟಿತು. ಹುಡುಗ ಟೀ ಕುಡಿಯುವಾಗಲೂ ಚೀಲ ಕೆಳಗಿಡಲಿಲ್ಲ.

ತಿಪಟೂರು ಬಿಟ್ಟ ಮೇಲೆ ದುಶ್ಯಂತನೇ ಮಾತಾಡಿಸಿದ.

"ಸರ್, ನೀವು ನಯನ ಅವರ ಮಾವ ಅಲ್ವಾ?"

ದೇವೀರಪ್ಪನ ಕೈಲಿದ್ದ ಪೇಪರು ಸರಕ್ಕನೆ ಕೆಳಗಿಳಿಯಿತು.

"ಭಾಗಮ್ಮಜ್ಜಿ ಹೇಳಿದ್ರು, ಎತ್ತರದೋರು ಒಬ್ರು ರೂಮು ಕೇಳ್ಕೊಂಡು ಬಂದು ರೂಮೇ ನೋಡದೆ ಹೋದ್ರು ಅಂತ. ಮುಬಶೀರಣ್ಣನೂ ಹೇಳಿದ್ರು. ವಿಚಾರಿಸೋಕೆ ಮಾವ ಬರ್ತಾರೆ ಅಂತ ನಯನ ಅವರ ಅಮ್ಮ ಮೊದಲೇ ಹೇಳಿದ್ರು." ಹುಡುಗನ ಮುಖದಲ್ಲಿ ಕೋಪವೂ ಇರಲಿಲ್ಲ, ನಗುವೂ ಇರಲಿಲ್ಲ. "ಕೇಳೋದೇನಿದ್ರೂ ನನ್ನನ್ನೇ ಕೇಳಿ ಸರ್."

ಸಿಕ್ಕಿಬಿದ್ದವನು ತಾನೇ ಆದರೂ ದೇವೀರಪ್ಪ ಸೋಲಲಿಲ್ಲ. "ಆ ಡಬ್ಬಿ ತೆಗಿ" ಎಂದ.

ದುಶ್ಯಂತ ತೆಗೆದ. ಹತ್ತಿಯ ಮೇಲೆ ಬೆರಳುಗುರಿನಷ್ಟಗಲದ ಹರಳಿನ ಹಾಳೆಗಳು. ನೇರಳೆಯೂ ಬಂಗಾರವೂ ಕಲೆತಂಥ ಹೊಳಪು.

"ಟೈಟೇನಿಯಂ ಅನ್ನೋ ಲೋಹ, ಸೆಲೆನಿಯಂ ಅನ್ನೋ ಇನ್ನೊಂದು ವಸ್ತು. ಎರಡೂ ಸೇರಿ ಪದರ ಪದರವಾಗಿ ಬೆಳೀತವೆ. ಆ ಕೆಟ್ಟ ವಾಸನೆ ಸೆಲೆನಿಯಂದು. ಪದರಗಳ ನಡುವೆ ಒಂದು ಚೂರು ತಾಮ್ರ ಸೇರಿಸ್ತೀವಿ."

"ಯಾಕೆ?"

"ಇದನ್ನ ತಣ್ಣಗೆ ಮಾಡ್ತಾ ಹೋದ್ರೆ ಒಳಗಿರೋ ಎಲೆಕ್ಟ್ರಾನುಗಳು ಒಂದೇ ಸಮ ಹರಡ್ಕೊಂಡು ಇರಲ್ಲ ಸರ್. ಒಂದು ಕಡೆ ದಟ್ಟ, ಪಕ್ಕದಲ್ಲಿ ವಿರಳ, ಮತ್ತೆ ದಟ್ಟ, ಮತ್ತೆ ವಿರಳ. ಅಲೆ ಥರ ನಿಂತುಬಿಡ್ತವೆ. ವಿದ್ಯುದಂಶದ ಸಾಂದ್ರತೆಯ ಅಲೆ ಅಂತೀವಿ."

ದೇವೀರಪ್ಪ ಕೇಳಿದ: "ಬಸ್ಸಲ್ಲಿ ಜನ ಎರಡು ಬಾಗಿಲ ಹತ್ರಾನೇ ಜಮಾಯಿಸಿ ಮಧ್ಯ ಖಾಲಿ ಬಿಟ್ಟಂಗಾ?"

"ಹಂಗೇ ಅನ್ಕೊಳ್ಳಿ. ಆದ್ರೆ ಇಲ್ಲಿ ಬಸ್ಸು ಬಲು ಉದ್ದ, ಬಾಗಿಲು ಲೆಕ್ಕವಿಲ್ಲದಷ್ಟು, ಎಲ್ಲ ಒಂದೇ ಅಂತರದಲ್ಲಿ. ತಾಮ್ರ ಹೋಗಿ ಈ ಸಾಲನ್ನ ಕದಡುತ್ತೆ. ಆಗ ಇನ್ನೂ ತಣ್ಣಗೆ ಮಾಡಿದ್ರೆ ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿ ಯಾವ ತಡೆಯೂ ಇಲ್ದೆ ಹರಿಯೋಕೆ ಶುರು ಮಾಡ್ತವೆ. ಅದೇ ಸೂಪರ್ ಕಂಡಕ್ಟರು."

"ಎಷ್ಟು ತಣ್ಣಗೆ?"

"ಅದಕ್ಕಿಂತ ಕೆಳಗೆ ಚಳಿಯೇ ಇಲ್ಲ ಅನ್ನೋ ಒಂದು ತಳ ಇದೆ ಸರ್. ಆ ತಳದಿಂದ ನಾಲ್ಕು ಡಿಗ್ರಿ ಮೇಲೆ."

"ನೀನು ಕಣ್ಣಾರೆ ನೋಡಿದೀಯಾ?"

"ನೀವೂ ಬನ್ನಿ. ಇವತ್ತೇ ಅಳೆಯೋದಿದೆ."

ಕರೆಯುವವನನ್ನು ಹೆಚ್ಚು ಅನುಮಾನಿಸಬೇಕೆಂದು ದೇವೀರಪ್ಪ ಸರ್ವೀಸಿನಲ್ಲಿ ಕಲಿತಿದ್ದ. ಆದ್ದರಿಂದ ಹೋದ.

ಪ್ರಯೋಗಶಾಲೆ ಆತ ಅಂದುಕೊಂಡ ಹಾಗಿರಲಿಲ್ಲ. ಪಂಪುಗಳ ಗುಂಯ್ ಸದ್ದು, ಆಳೆತ್ತರದ ಉಕ್ಕಿನ ಹಂಡೆಗಳು, ಅವುಗಳ ಬಾಯಿಂದ ಬಿಳಿ ಹೊಗೆ. ಪ್ರೊಫೆಸರು ಸಣ್ಣ ಆಳು, ನರೆತ ಗಡ್ಡ. "ಹೆಣ್ಣಿನ ಕಡೆಯೋರಾ? ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಸ್ಟೂಲು ಕೊಟ್ಟರು. ಹರಳಿಗೆ ತಂತಿ ಕೂರಿಸಲು ಬಳಸುವ ಬೆಳ್ಳಿಯ ಅಂಟು ಆ ವಾರ ಮುಗಿದಿತ್ತಂತೆ. ಅಲ್ಲಿನ ಸಹಾಯಕರೊಬ್ಬರು ಹರಳಿನ ಮೇಲೆ ನಾಲ್ಕು ಕೂದಲೆಳೆಯ ತಂತಿಗಳನ್ನು ಬೆಸುಗೆ ಹಾಕಿ ಹಂಡೆಯೊಳಗೆ ಇಳಿಸಿದರು.

ಹರಳು ತಣ್ಣಗಾದಂತೆಲ್ಲ ಕರೆಂಟಿಗೆ ಎಷ್ಟು ತಡೆ ಎಂದು ತೋರಿಸುವ ಒಂದು ಗೆರೆ ಕಂಪ್ಯೂಟರಿನ ಪರದೆಯ ಮೇಲೆ ನಿಧಾನವಾಗಿ ತೆವಳತೊಡಗಿತು. ಮಧ್ಯದಲ್ಲಿ ಅದು ಗುಬ್ಬಿಯ ಬೆನ್ನಿನಷ್ಟು ಉಬ್ಬಿ ಇಳಿಯಿತು.

"ಅದೇ ಸರ್, ಅಲೆ ಏಳೋ ಜಾಗ" ಎಂದು ದುಶ್ಯಂತ ತೋರಿಸಿದ. "ತಾಮ್ರ ಇಲ್ದಿದ್ರೆ ಈ ಉಬ್ಬು ಇನ್ನೂ ಎತ್ತರಕ್ಕಿರುತ್ತೆ."

ಊಟದ ಹೊತ್ತು ದಾಟಿತ್ತು. ಗೆರೆ ತಳದ ಚಳಿಯ ಹತ್ತಿರ ಬಂದಾಗ ಎಲ್ಲರೂ ಬಗ್ಗಿ ನಿಂತರು. ನಾಲ್ಕು ಡಿಗ್ರಿಗಿಂತ ಎಷ್ಟೋ ಮುಂಚೆ, ಏಳರ ಹತ್ತಿರವೇ, ಗೆರೆ ದಡಕ್ಕನೆ ಕೆಳಗೆ ಬಿತ್ತು. ಪ್ರೊಫೆಸರು ಮೇಜು ಗುದ್ದಿ ಎದ್ದರು. ಈ ಹರಳಿನಲ್ಲಿ ಅಷ್ಟು ಮೇಲೆ ಯಾರೂ ಕಂಡಿಲ್ಲವೆಂದು ಕೂಗಿ ಹೇಳಿದರು. ಸಹಾಯಕರು ಫೋಟೋ ತೆಗೆದರು. ಪ್ರೊಫೆಸರು ಆಗಲೇ ಯಾರಿಗೋ ಫೋನು ಹಚ್ಚಿದ್ದರು.

ದೇವೀರಪ್ಪ ಗೆರೆ ನೋಡಲಿಲ್ಲ, ಹುಡುಗನನ್ನು ನೋಡಿದ. ದುಶ್ಯಂತನ ಮುಖ ಬಾಡಿತ್ತು. ಗೆದ್ದವನ ಮುಖ ಅದಲ್ಲ. ಹುಡುಗ ಪ್ರೊಫೆಸರ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ಏನೋ ಮೆಲ್ಲಗೆ ಹೇಳಿದ. ಅವರು ಕೈಬೀಸಿ ತಳ್ಳಿಹಾಕಿದರು. ಮತ್ತೆ ಹೇಳಿದ. ಈ ಸಲ ಅವರ ದನಿ ಏರಿತು.

ಸಂಜೆ ಎಲ್ಲರೂ ಕ್ಯಾಂಟೀನಿಗೆ ಹೋದರು. ದೇವೀರಪ್ಪ ಕೈ ತೊಳೆಯುವ ನೆಪದಲ್ಲಿ ಹಿಂದೆ ಉಳಿದು ಗಾಜಿನ ಬಾಗಿಲಿನಿಂದ ಇಣುಕಿದ. ದುಶ್ಯಂತ ಒಬ್ಬನೇ ಇದ್ದ. ಹಂಡೆಯಿಂದ ಮೇಲೆ ತೆಗೆದಿದ್ದ ಹರಳನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಬ್ಲೇಡಿನ ಚೂರಿನಿಂದ ಅದರ ಮೇಲಿನದೇನನ್ನೋ ಕೆರೆಯುತ್ತಿದ್ದ. ಕೆರೆಯುತ್ತ ಕೆರೆಯುತ್ತ ಒಂದು ಸಲ ಬಾಗಿಲ ಕಡೆ ತಿರುಗಿ ನೋಡಿದ.

ಆ ತಿರುಗಿ ನೋಡುವುದು ದೇವೀರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಮೂವತ್ತು ವರ್ಷ ಅದನ್ನೇ ಹಿಡಿದದ್ದು.

ಭಾನುವಾರ ಅಜ್ಜಂಪುರಕ್ಕೆ ಹೋದವನೇ ಹೇಳಿಬಿಟ್ಟ. "ಬೇಡ ಕಣಮ್ಮ ಕಮಲಾ. ಕುಡುಕ ಅಲ್ಲ, ಮೋಸದ ವ್ಯಾಪಾರವೂ ಅಲ್ಲ, ಅದು ನಿಜವಾದ ಪ್ರಯೋಗಶಾಲೆಯೇ. ಆದ್ರೆ ಹುಡುಗ ಸರಿಯಿಲ್ಲ. ಗುರುವಿಗೆ ತಿಳೀದ ಹಂಗೆ ಸಾಕ್ಷಿ ಅಳಿಸ್ತಾ ಇದ್ದ. ನಾನೇ ಕಣ್ಣಾರೆ ನೋಡಿದೆ."

ಕಮಲಾಕ್ಷಮ್ಮ ನಿಟ್ಟುಸಿರುಬಿಟ್ಟು ಅಡುಗೆಮನೆಗೆ ಹೋದಳು. ಅಣ್ಣನ ಮಾತಿಗೆ ಅವಳೆಂದೂ ಎದುರಾಡಿದವಳಲ್ಲ. ನಯನ ಮಾತ್ರ ಬಾಗಿಲಲ್ಲಿ ನಿಂತಿದ್ದಳು.

"ಯಾಕೆ ಅಳಿಸ್ದ ಅಂತ ಕೇಳಿದ್ರಾ ಮಾವ?"

"ಕೇಳಿದ್ರೆ ನಿಜ ಹೇಳ್ತಾನೇನು?"

"ಟಿಕೆಟ್ ಇಲ್ದೋನನ್ನ ಹಿಡಿದ್ರೂ, ಯಾಕಪ್ಪಾ ತಗೊಂಡಿಲ್ಲ ಅಂತ ಒಂದು ಮಾತು ಕೇಳ್ತಿದ್ರಲ್ಲ. ಇಲ್ಲಿ ಕೇಳದೇ ಇಳಿಸಿಬಿಟ್ರಲ್ಲ."

ಆ ಮಾತು ದೇವೀರಪ್ಪನಿಗೆ ಚುಚ್ಚಿತು. ರಾತ್ರಿ ಶಕುಂತಲಮ್ಮನ ಮುಂದೆ ಹೇಳಿಕೊಂಡ. ಅವಳು, "ಹುಡುಗಿ ಹೇಳೋದ್ರಲ್ಲಿ ತಪ್ಪೇನಿದೆ?" ಎಂದು ಮಗ್ಗುಲಾದಳು. ಹಟಕ್ಕೋ ನ್ಯಾಯಕ್ಕೋ, ಹೋಗಿ ಕೇಳೇಬಿಡೋಣ ಎಂದು ತೀರ್ಮಾನವಾಗಲು ಒಂದು ತಿಂಗಳೇ ಹಿಡಿಯಿತು. ಶಾಲೆಗೆ ರಜೆಯಿದ್ದ ದಿನ ನಯನ ಅಜ್ಜಂಪುರದಿಂದ, ಆತ ಕಡೂರಿನಿಂದ ತರೀಕೆರೆಗೆ ಬಂದು ಸೇರಿದರು.

ಕಾಲೇಜಿನ ಪ್ರಯೋಗಾಲಯದ ಮೂಲೆಯಲ್ಲಿ ಉದ್ದನೆಯ ಕೊಳವೆ ಒಲೆಯ ಮುಂದೆ ದುಶ್ಯಂತ ಕೂತಿದ್ದ. ತಿಂಗಳಿಗೇ ಇಳಿದುಹೋಗಿದ್ದ. ಇಬ್ಬರನ್ನೂ ಕಂಡು ಎದ್ದು ನಿಂತ.

"ಬೆಂಗಳೂರಿಗೆ ಹೋಗಲ್ವಾ ಈಗ?" ನಯನ ಕೇಳಿದಳು.

"ಪ್ರೊಫೆಸರು ಬರಬೇಡ ಅಂದಿದಾರೆ."

"ನೋಡು" ಎಂದ ದೇವೀರಪ್ಪ ನಯನಳಿಗೆ. "ಏನೋ ನಡೆದೈತೆ ಅಂತ ನಾನು ಹೇಳಲಿಲ್ವಾ?" ಆಮೇಲೆ ಹುಡುಗನ ಕಡೆ ತಿರುಗಿದ. "ಅವತ್ತು ಎಲ್ಲರೂ ಹೋದ ಮೇಲೆ ನೀನು ಹರಳು ಕೆರೀತಾ ಇದ್ದೆ. ನಾನು ನೋಡಿದೀನಿ. ಯಾಕೆ?"

ದುಶ್ಯಂತ ಅಲ್ಲಗಳೆಯಲಿಲ್ಲ. "ಬೆಸುಗೆ ಕೆರೀತಾ ಇದ್ದೆ" ಎಂದ. "ಅವತ್ತು ತಂತಿ ಕೂರಿಸಿದ್ದು ಸೀಸ ತವರದ ಬೆಸುಗೆಯಿಂದ. ಆ ಬೆಸುಗೆ ತಾನೇ ಏಳು ಡಿಗ್ರಿ ಹತ್ರ ಸೂಪರ್ ಕಂಡಕ್ಟರ್ ಆಗುತ್ತೆ. ಗೆರೆ ಬಿದ್ದಿದ್ದೂ ಏಳರ ಹತ್ರಾನೇ. ನೋಡಿದ ಕೂಡ್ಲೇ ನಂಗೆ ಅನುಮಾನ ಬಂತು. ಹರಳಿನ ಅಂಚಿನಲ್ಲಿ ಬೆಸುಗೆ ಹರಿದು ಒಂದು ತಂತಿಯಿಂದ ಇನ್ನೊಂದಕ್ಕೆ ದಾರಿ ಆಗಿತ್ತು. ಕರೆಂಟು ಹರಳು ಬಿಟ್ಟು ಆ ದಾರಿ ಹಿಡಿದಿತ್ತು."

"ಅಂದ್ರೆ ಹರಳಲ್ಲಿ ಏನೂ ಇರಲಿಲ್ಲ?" ನಯನ ಕೇಳಿದಳು.

"ಇತ್ತೋ ಇಲ್ವೋ ಹೇಳೋ ಹಂಗಿರಲಿಲ್ಲ. ಪ್ರೊಫೆಸರಿಗೆ ಎರಡು ಸಲ ಹೇಳಿದೆ, ಕೇಳಲಿಲ್ಲ. ಸೋಮವಾರವೇ ಬರೆದು ಕಳಿಸೋಣ ಅಂದ್ರು. ಬೆಸುಗೆ ಕೆರೆದು ಮತ್ತೆ ಅಳೆದುಬಿಟ್ರೆ ಗೊತ್ತಾಗುತ್ತಲ್ಲ ಅಂತ ಕೆರೆಯೋಕೆ ಹೋದೆ. ಹರಳು ತೆಳು, ಮುರಿದೇ ಹೋಯ್ತು."

ದೇವೀರಪ್ಪ ಹುಬ್ಬು ಗಂಟಿಕ್ಕಿದ. "ಅವರಿಗೆ ಹೇಳಿ ಕೆರೀಬಹುದಿತ್ತಲ್ಲ."

"ಬಹುದಿತ್ತು" ಎಂದ ದುಶ್ಯಂತ. "ಅವರು ಬೇಡ ಅಂತಾರೆ ಅಂತ ಕದ್ದು ಮಾಡಿದೆ. ಅದು ತಪ್ಪೇ. ತಾಮ್ರ ಹಾಕಿದ್ದು ಇದ್ದಿದ್ದೇ ಒಂದು, ಅದು ಹಾಳಾಗಿ ಬರೆದು ಕಳಿಸೋದೂ ನಿಂತೋಯ್ತು. ನಾನು ಬೇಕು ಅಂತಲೇ ಕೆಡಿಸಿದೆ ಅಂತ ಅವರು ಅನ್ಕೊಂಡ್ರು. ಯಾರಾದ್ರೂ ಅನ್ಕೊಳ್ಳೋರೇ."

ತನ್ನ ಅನುಮಾನ ಅರ್ಧ ನಿಜವಾದದ್ದು ದೇವೀರಪ್ಪನಿಗೆ ಯಾಕೋ ಸಂತೋಷ ಕೊಡಲಿಲ್ಲ. ಅಂಥ ಒಳ್ಳೆಯ ಸುದ್ದಿಯನ್ನು ಈ ಹುಡುಗ ಯಾಕೆ ನಂಬಲಿಲ್ಲ ಎನ್ನುವುದು ಆತನ ತಲೆಯೊಳಗೆ ಹೊಕ್ಕು ಕೂತಿತ್ತು.

"ಈಗ ಏನು ಮಾಡ್ತೀರಿ?" ನಯನ ಕೇಳಿದಳು.

"ತಾಮ್ರ ಹಾಕದೇ ಇರೋ ಹರಳು ಇದೆ. ಅದು ಎಷ್ಟೇ ತಣ್ಣಗಾದ್ರೂ ಸೂಪರ್ ಕಂಡಕ್ಟರ್ ಆಗಬಾರದು. ಅದಕ್ಕೆ ಅದೇ ಬೆಸುಗೆ ಅದೇ ಥರ ಹಾಕಿ ಅಳೆದು ನೋಡಿ ಅಂತ ಪ್ರೊಫೆಸರಿಗೆ ಕಳಿಸಿದೀನಿ. ಅದೂ ಏಳಕ್ಕೇ ಬಿದ್ರೆ ಬೆಸುಗೆದೇ ತಪ್ಪು. ಬೀಳದಿದ್ರೆ ನಂದೇ ತಪ್ಪು, ಒಳ್ಳೇ ಫಲಿತಾಂಶ ನಾನೇ ಮುರಿದು ಹಾಕಿದೀನಿ. ಇನ್ನೂ ಉತ್ತರ ಬಂದಿಲ್ಲ."

"ಬೀಳದೇ ಹೋದ್ರೆ ನಮಗೆ ಹೇಳ್ತೀರಾ?"

"ಹೇಳ್ತೀನಿ."

"ಇನ್ಮೇಲೆ ಹೇಳದೇ ಏನನ್ನಾದ್ರೂ ಕೆರೀತೀರಾ?"

ದುಶ್ಯಂತನಿಗೆ ಮೊದಲ ಸಲ ನಗು ಬಂತು. "ಇಲ್ಲ."

ನಯನ ಚೀಲ ಹೆಗಲಿಗೇರಿಸಿದಳು. ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಮಾವನಿಗೆ ಇಷ್ಟೇ ಹೇಳಿದಳು: "ಉತ್ತರ ಏನೇ ಬರಲಿ, ನನ್ನದು ಬಂತು, ನಾನು ಒಪ್ಪಿದೀನಿ. ಆದ್ರೆ ಅಜ್ಜಂಪುರದ ಕೆಲಸ ನಾನು ಬಿಡಲ್ಲ, ಅದನ್ನ ಅವರಿಗೆ ನೀವೇ ಹೇಳಿ."

ದೇವೀರಪ್ಪ ಹೂಂ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಆದರೆ ಆ ಹತ್ತು ಹದಿನೈದು ದಿನ ಫೋನು ಬಡಿದಾಗಲೆಲ್ಲ ಆತನೇ ಮೊದಲು ಎತ್ತುತ್ತಿದ್ದ. ಹುಡುಗನ ಮಾತು ಸುಳ್ಳಾಗಬಾರದೆಂಬ ಆಸೆ ತನ್ನೊಳಗೆ ಎಲ್ಲಿಂದ ಬಂತೆಂದು ಆ ಆಸೆಯನ್ನೇ ಅನುಮಾನಿಸಿದ.

ಒಂದು ಬೆಳಿಗ್ಗೆ ದುಶ್ಯಂತನ ದನಿ ಬಂತು. "ಬಿತ್ತು ಸರ್. ತಾಮ್ರ ಇಲ್ಲದ್ದೂ ಏಳಕ್ಕೇ ಬಿತ್ತು. ಪ್ರೊಫೆಸರೇ ಅಳೆದ್ರು. ಅಳೆದು, ಬಾ ಅಂದ್ರು."

ಹೊಸ ಹರಳು ಬೆಳೆಯಿತು. ಬೆಳ್ಳಿಯ ಅಂಟು ಹಚ್ಚಿ ಅಳೆದಾಗ ಏಳರಲ್ಲಿ ಏನೂ ಆಗಲಿಲ್ಲ. ಗೆರೆ ಸಪಾಟಾಗಿ ಹೋಗಿ ಮೂರೂವರೆಯ ಹತ್ತಿರ ಮೆತ್ತಗೆ ಇಳಿದು ಸೊನ್ನೆ ಮುಟ್ಟಿತು. ಜಗತ್ತು ಬೆರಗಾಗುವಂಥದ್ದಲ್ಲ, ಬೇರೆಯವರು ಮುಂಚೆಯೇ ಕಂಡಿದ್ದಕ್ಕೆ ಹತ್ತಿರದ್ದು. ತಾಮ್ರ ಎಷ್ಟು ಹೆಚ್ಚಿದರೆ ಅಲೆಯ ಸಾಲು ಎಷ್ಟು ಕದಡುತ್ತದೆ ಎಂಬುದನ್ನು ದುಶ್ಯಂತ ಒಂದೊಂದೇ ಹರಳಿನಲ್ಲಿ ಅಳೆದು ಜೋಡಿಸಿದ. ಅವನ ಸಂಶೋಧನೆ ಅಷ್ಟಕ್ಕೇ ನಿಂತಿತು, ಅಷ್ಟಕ್ಕೇ ಪದವಿಯೂ ಬಂತು.

ಮದುವೆ ಅಜ್ಜಂಪುರದಲ್ಲಿ ಆಯಿತು. ಪ್ರೊಫೆಸರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಮರುದಿನ ಊರು ನೋಡಬೇಕೆಂದಾಗ ದೇವೀರಪ್ಪ ಅವರನ್ನು ಸಖರಾಯಪಟ್ಟಣದ ತನ್ನ ತೆಂಗಿನ ತೋಟಕ್ಕೆ ಕರೆದೊಯ್ದ. ಎಳನೀರು ಕುಡಿದು ಮರದ ನೆರಳಲ್ಲಿ ಕೂತಾಗ ಅವರೇ ಮಾತು ತೆಗೆದರು.

"ಕೊನೆಗಾದ್ರೂ ಅವನ ಮಾತು ಕೇಳದೇ ಇದ್ದಿದ್ರೆ ನಾನು ಮಾನ ಕಳ್ಕೊಂಡುಬಿಡ್ತಿದ್ದೆ ಕಣ್ರೀ."

"ನೀವೂ ಕೇಳಲಿಲ್ವಲ್ಲ ಮೊದಲು."

"ಇಲ್ಲ, ಕೇಳಲಿಲ್ಲ. ಬೇಕಾಗಿದ್ದು ಕಣ್ಣಿಗೆ ಬಿದ್ದಿತ್ತು."

ದೇವೀರಪ್ಪ ಎಳನೀರಿನ ಬುರುಡೆಯನ್ನು ಪಕ್ಕಕ್ಕಿಟ್ಟ. ಮೊನ್ನೆಯಿಂದ ಕೇಳಬೇಕೆಂದುಕೊಂಡದ್ದನ್ನು ಕೇಳಿದ: "ಈಗ ಬಂದಿರೋ ಮೂರೂವರೆ ಡಿಗ್ರಿ, ಅದಾದ್ರೂ ನಿಜಾನೇನ್ರಿ?"

"ಇಲ್ಲೀವರೆಗೆ ನಿಜ" ಎಂದರು ಪ್ರೊಫೆಸರು. "ಬೇರೆ ಊರಿನೋರು ಇದೇ ಹರಳು ಬೆಳೆಸಿ ಅಳೀತಾ ಇದಾರೆ. ಅವರದೂ ಬರಲಿ."

ಆ ಉತ್ತರ ದೇವೀರಪ್ಪನಿಗೆ ಸಾಲಲಿಲ್ಲ. ಆದರೆ ಹೌದು ಎಂದು ಅವರು ಖಂಡಿತವಾಗಿ ಹೇಳಿದ್ದರೆ ನಂಬುತ್ತಿದ್ದೆನೇ ಎಂದು ಕೇಳಿಕೊಂಡಾಗ, ಇಲ್ಲ ಅನ್ನಿಸಿತು. ಎದ್ದು ಪಂಚೆ ಕೊಡವಿಕೊಂಡು, ಅವರ ಹೆಂಡತಿಗೆಂದು ಇನ್ನೆರಡು ಎಳನೀರು ಕೆಡವಲು ಆಳನ್ನು ಕೂಗಿದ.